ಹಳ್ಳದ ದಂಡಿಗೆ ಬಾಟಲಿ ಮೀನು ಬ್ಯಾಡ ಅಂದದ್ದು ಯಾಕ

ಹೆಸರಿನ ಬೆಳಿ ಬಗ್ಗೆ ಬರೀತೇನಿ ಅಂತ ಹೇಳಿದ್ದೆ. ಅದು ಮುಂದಿನ ವಾರ. ಈ ವಾರ ಬ್ಯಾರೆ ಮಾತು ಐತಿ, ಸ್ವಲ್ಪ ಉದ್ದ ಆಗ್ತದ, ಸಹಿಸಿಕೊಳ್ರಿ.

ಊರಾಗ ಒಂದು ಮಾತು ತಿರುಗಾಡಾಕತ್ತೈತಿ. "ಊರಿಗೆ ಪುಕ್ಕಟೆ ಬರೋದನ್ನ ಇವ ತಪ್ಪಿಸಿದ" ಅಂತ. ಚಾದಂಗಡಿಯೊಳಗ ನನ್ನ ಎದುರಿಗೇ ಇಬ್ಬರು ಅಂದರು. ಅಲ್ಲಿ ಕುಂತು ಜಗಳಾಡೋದಕ್ಕಿಂತ ಇಲ್ಲಿ ಬರೆದು ಹಾಕೋದು ಚಲೋ ಅನಿಸಿತು.

ಮೊದಲು ನಡೆದದ್ದು ಹೇಳತೇನಿ. ಮಣ್ಣೆತ್ತಿನ ಅಮಾಸಿ ಹಿಂದಿನ ದಿನ ಮೊಮ್ಮಗ ಬುಟ್ಟಿ ಹಿಡಕೊಂಡು ಗಂಟು ಬಿದ್ದ. ಎತ್ತು ಮಾಡಾಕ ಹಳ್ಳದ ಮಣ್ಣು ಬೇಕು ಅಂತ. ನಾವು ಸಣ್ಣವರಿದ್ದಾಗ ಅಲ್ಲಿಂದಲೇ ತರತಿದ್ದಿವಿ. ದಂಡಿ ಮ್ಯಾಲಿನ ಎರಿ ಮಣ್ಣು ಬೆಣ್ಣಿಯಂಗ ಇರ್ತಿತ್ತು, ನೀರು ಹಾಕಿ ಕಲಸೋದೂ ಬೇಕಿರಲಿಲ್ಲ. ಈ ಸಲ ಮೊದಲನೇ ಹಿಡಿಯೊಳಗ ಗುಟ್ಕಾ ಚೀಟಿ ಬಂತು. ಎರಡನೇ ಹಿಡಿಯೊಳಗ ಔಷಧ ಬಾಟಲಿಯ ಹಸಿರು ಮುಚ್ಚಳ. ಮೂರನೇದರೊಳಗ ಥರ್ಮೋಕೋಲಿನ ಬಿಳಿ ಕಾಳು, ಜೋಳದ ಅರಳಿನಂಗ. ಹುಡುಗ ಅದನ್ನೆಲ್ಲ ಆರಿಸಿ ಆರಿಸಿ ತೆಗೆದ, ಆದರೂ ಮಣ್ಣಿಗೆ ಒಂಥರಾ ವಾಸನಿ ಇತ್ತು. ಕಡೀಕೆ ನಮ್ಮ ಹೊಲದ ಬದುವಿನೊಳಗ ಒಂದು ಮೊಳ ಅಗೆದು ಮಣ್ಣು ತೆಗೆದಿವಿ. ಒಂದು ಜೋಡಿ ಎತ್ತು, ಒಂದು ಗ್ವಾದಲಿ ಆತು.

ಅದೇ ವಾರ ಮೂರು ಮಂದಿ ಕಾರಿನೊಳಗ ಬಂದರು. ಹೆಸರು ಬ್ಯಾಡ. ಒಳ್ಳೆ ಮನಸ್ಸಿನವರೇ, ಮಾತೂ ಮರ್ಯಾದೆಯಿಂದ ಆಡಿದರು. ಮೊಬೈಲಿನೊಳಗ ಚಿತ್ರ ತೋರಿಸಿದರು. ಕಬ್ಬಿಣದ ಜಾಲಿಯ ಇಪ್ಪತ್ತು ಅಡಿ ಉದ್ದದ ಮೀನು, ಅದರ ಹೊಟ್ಟಿ ತುಂಬ ಪ್ಲಾಸ್ಟಿಕ್ ಬಾಟಲಿ. ಹಳ್ಳದ ದಂಡಿಗೆ ರಸ್ತೆಗೆ ಕಾಣುವಂಗ ನಿಲ್ಲಸ್ತೀವಿ, ಸಾಲಿ ಹುಡುಗರ ಕೈಲೆ ಬಾಟಲಿ ಹಾಕಸ್ತೀವಿ, ಪಕ್ಕದಾಗ ನಿಂತು ಫೋಟೊ ತಗೊಳ್ಳಾಕ ಒಂದು ಕಟ್ಟಿ ಕಟ್ಟತೀವಿ, ಊರವರು ಒಂದು ಪೈಸಾ ಕೊಡೋದು ಬ್ಯಾಡ ಅಂದರು. ಹಿರಿಯರು ಗೋಣು ಹಾಕಿದರು. ನಾನು ಒಬ್ಬ ಬ್ಯಾಡ ಅಂದೆ. ಆಮ್ಯಾಲ ನನ್ನ ಜೋಡಿ ಇನ್ನೂ ನಾಕು ಮಂದಿ ಬ್ಯಾಡ ಅಂದರು. ಅವರು ವಿಚಾರ ಮಾಡಿ ತಿಳಸ್ರಿ ಅಂತ ಹೇಳಿ ಹೋದರು. ಅಂದ್ರ ಮಾತು ಇನ್ನೂ ಮುಗಿದಿಲ್ಲ, ಅದಕ್ಕ ಬರೀತೇನಿ.

ನಾನು ಕಲೆಯ ವಿರೋಧಿ ಅಲ್ಲ. ಕಲೆಯಿಂದ ಏನೂ ಆಗೂದಿಲ್ಲ ಅಂತಲೂ ಹೇಳಂಗಿಲ್ಲ. 2015ರ ಜೂನ್ ತಿಂಗಳೊಳಗ ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯೊಳಗ ಏನು ಮಾಡಿದರು ನೆನಪೈತೇನು? ರಸ್ತೆ ನಡುವ ದೊಡ್ಡ ಗುಂಡಿ ಬಿದ್ದು ನೀರು ನಿಂತಿತ್ತು. ಆ ಗುಂಡಿಯೊಳಗ ಒಂದು ಮೊಸಳಿ ಮಾಡಿ ಮಲಗಿಸಿದರು. ಮಂದಿ ನೆರೆದರು, ಪೇಪರಿನೊಳಗ ಬಂತು, ಕೆಲವೇ ದಿನದಾಗ ಗುಂಡಿ ಮುಚ್ಚಿದರು. 2019ರ ಸೆಪ್ಟೆಂಬರ್, ಚಂದ್ರಯಾನ-2 ಚಂದ್ರನ ಹತ್ತಿರ ಹೋದಾಗ, ಅದೇ ಕಲಾವಿದರು ಗಗನಯಾತ್ರಿ ವೇಷದವರನ್ನ ಬೆಂಗಳೂರಿನ ಹಾಳು ರಸ್ತೆ ಮ್ಯಾಲ ಚಂದ್ರನ ಮ್ಯಾಲ ನಡೆದಂಗ ನಡೆಸಿ ವಿಡಿಯೊ ಮಾಡಿದರು. ನಮ್ಮ ಮೊಬೈಲಿಗೂ ಬಂದಿತ್ತು ಅದು. ಆ ರಸ್ತೆಯೂ ರಿಪೇರಿ ಆತು.

ಈಗ ಲಕ್ಷ್ಯ ಕೊಟ್ಟು ಕೇಳ್ರಿ. ಗುಂಡಿ ಮುಚ್ಚಿದ ದಿನ ಮೊಸಳಿ ಕೆಲಸ ಮುಗೀತು. ಮೊಸಳಿ ಅಲ್ಲೇ ಉಳಿದಿದ್ರ ಗುಂಡಿಯೂ ಉಳಿದಂಗ. ಅದು ಹೋಗೂ ಸಲುವಾಗೇ ಬಂದಿತ್ತು. ಬಾಟಲಿ ಮೀನಿನ ಕತಿ ಉಲ್ಟಾ. ಅದು ಚಂದ ಕಾಣಬೇಕಂದ್ರ ಹೊಟ್ಟಿ ತುಂಬಿರಬೇಕು. ಹೊಟ್ಟಿ ತುಂಬಿರಬೇಕಂದ್ರ ಬಾಟಲಿ ಬರತಿರಬೇಕು. ಊರಾಗ ಬಾಟಲಿ ಕಡಿಮಿ ಆದ್ರ ಮೀನು ಸೊರಗತೈತಿ, ಆವಾಗ ಮಂದಿ "ಯಾಕೋ ಖಾಲಿ ಕಾಣ್ತದಲ್ಲ" ಅಂತಾರ. ಕಸ ಬ್ಯಾಡ ಅನ್ನಾಕ ನಿಲ್ಲಿಸಿದ್ದು ಕಸ ತಾ ಅಂತ ಬಾಯಿ ತೆರಕೊಂಡು ಕುಂತಿರತೈತಿ.

ಅದಕ್ಕ ಇಂಥ ಏನೇ ಬಂದ್ರೂ ನಾನು ಕೇಳೋದು ಒಂದೇ ಪ್ರಶ್ನಿ. ಖರೇ ಕೆಲಸ ಆದಂಗ ಆದಂಗ ಇದು ಸಣ್ಣದಾಗತೈತೋ, ದೊಡ್ಡದಾಗತೈತೋ? ಸಣ್ಣದಾಗೂದಿದ್ರ ಬರಲಿ, ನಾನೇ ಹಾರ ಹಾಕತೇನಿ. ದೊಡ್ಡದಾಗೂದಿದ್ರ, ಇಲ್ಲಾ ಇದ್ದಂಗ ಇರೂದಿದ್ರ, ಬ್ಯಾಡ.

ಈ ಪ್ರಶ್ನಿ ನನ್ನ ತಲಿಯಿಂದ ಹುಟ್ಟಿದ್ದಲ್ಲ. ನಮ್ಮ ವರ್ಷದ ಹಬ್ಬದೊಳಗೇ ಐತಿ. ಮಣ್ಣೆತ್ತು ಅಂದ್ರ ಏನು? ಊರಿಗೆ ಊರೇ ಒಂದೇ ದಿನ ಮಾಡೋ ಕಲೆ. ಕಲಾವಿದ ಯಾರು ಅಂತ ಹೆಸರಿಲ್ಲ, ಬೋರ್ಡಿಲ್ಲ. ಪೂಜಿ ಆಗತೈತಿ, ಆಮ್ಯಾಲ ಹೊಲಕ್ಕೋ ಹಳ್ಳಕ್ಕೋ ಹೋಗತೈತಿ, ಒಂದು ಮಳಿಗೆ ಕರಗತೈತಿ. ಆಷಾಢದಾಗ ಮಂಗಳವಾರಕ್ಕೊಮ್ಮೆ ಗುಳ್ಳವ್ವ, ಅದೂ ಮಣ್ಣು. ಭಾದ್ರಪದಕ್ಕ ಗಣಪತಿ, ಆಮ್ಯಾಲ ಜೋಕುಮಾರ. ಬುಟ್ಟಿಯೊಳಗ ಬೇವಿನ ಎಲಿ ನಡುವ ಕುಂತು ಮನಿ ಮನಿ ತಿರುಗತಾನ, ಏಳು ದಿನಕ್ಕ ಅವನ ಆಯುಷ್ಯ ಮುಗೀತೈತಿ. ಯಾವುದೂ ಉಳಿಯಾಕ ಮಾಡಿದ್ದಲ್ಲ. ಮಣ್ಣಿನಿಂದ ಬಂದು ಮಣ್ಣಿಗೆ ಹೋಗತೈತಿ, ಮುಂದಿನ ವರ್ಷ ಮತ್ತೆ ಮಾಡಬೇಕಾಗತೈತಿ. ಮತ್ತೆ ಮಾಡಬೇಕು ಅಂದ್ರ ಮಣ್ಣು ಚಲೋ ಇರಬೇಕು. ಹಳ್ಳ ಕೆಟ್ಟೈತಿ ಅಂತ ನನಗ ಈ ವರ್ಷ ಹೇಳಿದ್ದು ಯಾವ ಬೋರ್ಡೂ ಅಲ್ಲ, ಮೊಮ್ಮಗನ ಕೈಯಾಗಿನ ಹಸಿರು ಮುಚ್ಚಳ.

"ಹಂಗಾದ್ರ ಗೊಟಗೋಡಿ ರಾಕ್ ಗಾರ್ಡನ್ನೂ ಬ್ಯಾಡೇನು?" ಅಂತ ಒಬ್ಬರು ಕೇಳಿದರು. ಅಲ್ರಿ. ಶಿಗ್ಗಾವಿ ಹತ್ತಿರ ಸೊಲಬಕ್ಕನವರ ಕಟ್ಟಿದ್ದು ನೆನಪಿನ ಮನಿ. ಉಳುವ ಎತ್ತು, ಬೀಸುವ ಹೆಣ್ಣುಮಕ್ಕಳು, ಕುಸ್ತಿ, ಸಂತಿ, ಹಳ್ಳಿ ಬದುಕನ್ನ ಸಿಮೆಂಟಿನೊಳಗ ಹಿಡಿದಿಟ್ಟಾರ. ಅದು ನಿಸರ್ಗ ಉಳಸ್ತೇನಿ ಅಂತ ಹೇಳಿಕೊಂಡು ಹಳ್ಳದ ಮೈಮ್ಯಾಲ ಬಂದು ಕುಂತಿಲ್ಲ. ನೆನಪಿಗೆ ಸಿಮೆಂಟ್ ಸರಿ, ಯಾಕಂದ್ರ ನೆನಪು ಉಳಿಯಬೇಕು. ಆದ್ರ ನಾನು ಅಲ್ಲಿಗೆ ಹೋದಾಗ ಹೊಟ್ಟಿಯೊಳಗ ಕಸಿವಿಸಿ ಆತು. ಮನಿ ಎತ್ತು ಮಾರಿ ಟ್ರ್ಯಾಕ್ಟರ್ ಬಾಡಿಗಿ ಕೊಡೋ ನಾನು ಸಿಮೆಂಟ್ ಎತ್ತು ನೋಡಾಕ ಟಿಕೆಟ್ ತಗೊಂಡು ನಿಂತಿದ್ದೆ. ಹಳ್ಳದ ಗತಿಯೂ ಹಂಗ ಆಗಬಾರದು. ಹಳ್ಳ ಇನ್ನೂ ಸತ್ತಿಲ್ಲ, ಅದಕ್ಕ ಈಗಲೇ ಸ್ಮಾರಕ ಯಾಕ?

ಉಣಕಲ್ ಕೆರಿ ನೋಡ್ರಿ. ನಡುವ ವಿವೇಕಾನಂದರ ಮೂರ್ತಿ, ದಂಡಿಗೆ ತೋಟ, ಸಂಜಿಗೆ ದೀಪ. ಚಂದ ಐತಿ, ಇಲ್ಲ ಅನ್ನಂಗಿಲ್ಲ. ಅಷ್ಟು ಚಂದ ಇದ್ರೂ ಊರ ಹೊಲಸು ನೀರು ಬಂದು ಕೂಡೋದು ನಿಲ್ಲಲಿಲ್ಲ, ಅಂತರಗಂಗಿ ಹಬ್ಬೋದು ನಿಲ್ಲಲಿಲ್ಲ. ಅಂತರಗಂಗಿ ಹೊಲಸು ತಿಂದು ಬೆಳೆಯೋ ಗಿಡ. ಮ್ಯಾಲಿನಿಂದ ಕಿತ್ತರೆ ಮತ್ತೆ ಬರತೈತಿ, ಬರೋ ನೀರು ನಿಲ್ಲಿಸೋತನಕ ಬರತೈತಿ. ದಂಡಿ ಮ್ಯಾಲ ನೀವು ಏನು ನಿಲ್ಲಸ್ತೀರಿ ಅಂತ ಅದು ಕೇಳಂಗಿಲ್ಲ.

ಪರದೇಶದ ಎರಡು ಕಲೆಯ ಬಗ್ಗೆ ಓದಿದ್ದು ಹೇಳಬೇಕು. ಎರಡೂ 1982ರಾಗ ಶುರುವಾದವು.

ಒಂದು ನ್ಯೂಯಾರ್ಕಿನೊಳಗ. ಆಗ್ನೆಸ್ ಡೆನೆಸ್ ಅಂತ ಒಬ್ಬ ಕಲಾವಿದೆ. ದುಡ್ಡಿನ ಜಗತ್ತಿನ ನಡುಗಂಬ ಅನಿಸಿಕೊಂಡ ವಾಲ್ ಸ್ಟ್ರೀಟಿನ ಹತ್ತಿರ, ಮಣ್ಣು ಕಲ್ಲು ತುಂಬಿ ನದಿ ಮುಚ್ಚಿ ಮಾಡಿದ ಖಾಲಿ ಜಾಗ ಇತ್ತು. ಅದರ ಬೆಲಿ ನೂರಾರು ಕೋಟಿ ಡಾಲರ್. ಆಕಿ ಅಲ್ಲಿನ ಕಲ್ಲು, ಕಸ ಆರಿಸಿ, 200 ಲಾರಿ ಮಣ್ಣು ತರಿಸಿ, ಕೈಯಿಂದ 285 ಸಾಲು ತೆಗೆದು ಎರಡು ಎಕರೆ ಗೋಧಿ ಬಿತ್ತಿದಳು. ಮೇ ತಿಂಗಳಿಗೆ ಬಿತ್ತಿಗಿ, ಆಗಸ್ಟಿಗೆ ಕೊಯ್ಲು. ಸಾವಿರ ಪೌಂಡಿನ ಮ್ಯಾಲ ಗೋಧಿ ಬಂತು. ನಮ್ಮ ಲೆಕ್ಕದಾಗ ನಾಕೂವರಿ ಕ್ವಿಂಟಲ್, ಎಕರೆಗೆ ಎರಡೂಕಾಲು. ನಮ್ಮಲ್ಲಿ ಇಂಥ ಇಳುವರಿ ತೋರಿಸಿದ್ರ ಬ್ಯಾಂಕಿನವರು ಮಾರಿ ತಿರುವತಾರ. ಆದ್ರ ಕೊಯ್ದಳು ನೋಡ್ರಿ, ಅದು ಮುಖ್ಯ. ಹೊಟ್ಟು ಪೊಲೀಸರ ಕುದುರಿಗೆ ಹೋತು, ಕಾಳು ಊರೂರು ತಿರುಗಿತು. ಬೆಳಿ ಬಂತು, ಕಲೆ ಮುಗೀತು. ಇಂಥ ಬೆಲಿಯ ಜಾಗದಾಗ ಗೋಧಿ ಬೆಳೆದು, "ಯಾವುದಕ್ಕ ಬೆಲಿ ಜಾಸ್ತಿ?" ಅಂತ ಕೇಳಿದಂಗಾತು. ಒಂದು ಕಡೆ ಶೆಡ್ಡು, ಇನ್ನೊಂದು ಕಡೆ ಬೈಪಾಸ್ ನಡುವ ಹೊಲ ಇಟ್ಟುಕೊಂಡು ಕುಂತ ತಾರಿಹಾಳದವರಿಗೆ ಈ ಪ್ರಶ್ನಿ ಬಿಡಿಸಿ ಹೇಳೋದು ಬ್ಯಾಡ. ಗುಂಟೆ ಲೆಕ್ಕದ ರೇಟು ಕೇಳಿಕೊಂಡು ಮನಿ ಬಾಗಲಿಗೆ ಬರೋವರು ನಮಗೂ ಅದನ್ನೇ ಕೇಳತಾರ.

ಇನ್ನೊಂದು ಜರ್ಮನಿಯ ಕಾಸೆಲ್ ಊರಾಗ. ಜೋಸೆಫ್ ಬಾಯ್ಸ್ ಅನ್ನೋ ಕಲಾವಿದ ಊರ ಮ್ಯೂಸಿಯಂ ಮುಂದ 7000 ಕರಿಕಲ್ಲಿನ ಕಂಬ ತಂದು ಗುಡ್ಡಿ ಹಾಕಿಸಿದ. ಮಂದಿ ಬೈದರು, ಚಂದ ಇದ್ದ ಅಂಗಳ ಹೊಲಸು ಮಾಡಿದ ಅಂತ. ಅವನ ಷರತ್ತು ಒಂದೇ: ಊರಾಗ ಒಂದು ಗಿಡ ನೆಟ್ಟರೆ ಒಂದು ಕಲ್ಲು ಎತ್ತಿ ಆ ಗಿಡದ ಪಕ್ಕ ನೆಡಬೇಕು. ಕಲ್ಲಿನ ಗುಡ್ಡಿ ಹೋಗಬೇಕಾದ್ರ 7000 ಗಿಡ ಆಗಬೇಕು. ಐದು ವರ್ಷ ಹಿಡೀತು. 1986ರಾಗ ಅವ ತೀರಿಕೊಂಡ, 1987ರಾಗ ಕಡೀ ಗಿಡ ಅವನ ಮಗ ನೆಟ್ಟ. ಗುಡ್ಡಿ ಖಾಲಿ ಆತು, ಊರು ನೆರಳಾತು. ಕೆಲಸ ಆದಂಗ ಸಣ್ಣದಾಗೂ ಕಲೆ ಅಂದ್ರ ಇದು. ಪ್ರತಿ ದಿನ ಆ ಅಂಗಳ ದಾಟೋವರಿಗೆ ಇನ್ನೂ ಎಷ್ಟು ಕೆಲಸ ಬಾಕಿ ಐತಿ ಅಂತ ಕಣ್ಣಿಗೆ ಕಾಣತಿತ್ತು.

ಪರದೇಶ ಬಿಡ್ರಿ, ನಮ್ಮ ಧಾರವಾಡ ಜಿಲ್ಲಾ ಮಂದಿ ಇದಕ್ಕಿಂತ ಗಟ್ಟಿ ಮಾಡಿ ತೋರಿಸಿದ್ದರು. 1984ರಾಗ ಸರ್ಕಾರ ಮತ್ತು ಹರಿಹರದ ಪಾಲಿಫೈಬರ್ಸ್ ಕಾರ್ಖಾನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಅನ್ನೋ ಕಂಪನಿ ಮಾಡಿದವು. ನೀಲಗಿರಿ ಹಚ್ಚಾಕ ಹಳ್ಳಿಗಳ ಸಾಮೂಹಿಕ ಜಮೀನು 30,000 ಹೆಕ್ಟೇರ್, ಅಂದ್ರ ಸುಮಾರು 75,000 ಎಕರೆ, ಅದಕ್ಕ ಕೊಡಬೇಕು ಅಂತ ಲೆಕ್ಕ. ದನಾ ಮೇಯೋ ಜಾಗ, ಉರುವಲ ಆರಿಸೋ ಜಾಗ. ಸಮಾಜ ಪರಿವರ್ತನ ಸಮುದಾಯದವರು, ಎಸ್.ಆರ್. ಹಿರೇಮಠರು, ಸುಪ್ರೀಂ ಕೋರ್ಟಿಗೆ ಹೋದರು. ಶಿವರಾಮ ಕಾರಂತರೂ ಆ ಅರ್ಜಿಯೊಳಗಿದ್ದರು. ಆದ್ರ ಕೋರ್ಟಿನ ಕಾಗದ ಹಳ್ಳಿಯವರ ಕಣ್ಣಿಗೆ ಕಾಣಂಗಿಲ್ಲ. ಅದಕ್ಕ 1987ರ ನವೆಂಬರ್ 14ಕ್ಕ ಕುಸನೂರಿನೊಳಗ ಮಂದಿ ಸೇರಿ "ಕಿತ್ತಿಕೋ-ಹಚ್ಚಿಕೋ" ಸತ್ಯಾಗ್ರಹ ಮಾಡಿದರು. ನೂರರಷ್ಟು ನೀಲಗಿರಿ ಕಿತ್ತರು, ಊರಿಗೆ ಉಪಯೋಗ ಆಗೂ ಗಿಡ ಹಚ್ಚಿದರು. ಅಷ್ಟೇ. 75,000 ಎಕರೆ ಎದುರಿಗೆ ನೂರು ಗಿಡ ಏನು ಲೆಕ್ಕ? ಲೆಕ್ಕಕ್ಕ ಅಲ್ಲ, ಅದು ನೋಡಾಕ, ತೋರಸಾಕ. ಒಂದು ಕೈಯಿಂದ ಕೀಳೋದು, ಒಂದು ಕೈಯಿಂದ ಹಚ್ಚೋದು. ಯಾವ ಶಿಲ್ಪಿಯೂ ಅದಕ್ಕಿಂತ ಚಲೋ ಮೂರ್ತಿ ಮಾಡಂಗಿಲ್ಲ. 1991ರಾಗ ಆ ಕಂಪನಿ ಮುಚ್ಚಿತು. ಕುಸನೂರಿನ ಹೊಲದೊಳಗ ಯಾರೂ ಬಂದು ಫೋಟೊ ಕಟ್ಟಿ ಕಟ್ಟಿರಲಿಲ್ಲ.

ಈಗ ನಮ್ಮ ಕಡೆ ಬೆರಳು ಮಾಡತೇನಿ. ಬಾಟಲಿ ಮೀನಿನವರು ಹೊರಗಿನವರು, ಅವರನ್ನ ಬೈಯೋದು ಸುಲಭ. ಆ ಹಸಿರು ಮುಚ್ಚಳ ಎಲ್ಲಿಂದ ಬಂತು? ಶೆಡ್ಡಿನಿಂದ ಬರಲಿಲ್ಲ. ಔಷಧ ಹೊಡೆಯಾಕ ಪಂಪಿಗೆ ನೀರು ತುಂಬೋದು ಎಲ್ಲಿ? ಹಳ್ಳದ ದಂಡಿಗೆ. ಬಾಟಲಿ ಖಾಲಿ ಆದ ಮ್ಯಾಲ ಒಗೆಯೋದು ಎಲ್ಲಿ? ಅಲ್ಲೇ. ಹತ್ತಿಗೆ, ಮೆಣಸಿನಕಾಯಿಗೆ ಹೊಡೆಯೋ ದಿನದಾಗ ಹೋಗಿ ಎಣಸ್ರಿ. ನನ್ನವೂ ಅದಾವ ಅದರಾಗ. ಮೊದಲು ನಾನೂ ಹಂಗ ಒಗೆದಾವನೇ.

ಅದಕ್ಕೇ ಬಾಟಲಿ ಮೀನಿಗೆ ನನ್ನ ಇನ್ನೊಂದು ತಕರಾರು ಐತಿ, ಇದು ಎಲ್ಲಕ್ಕಿಂತ ದೊಡ್ಡದು. ಸಾಲಿ ಹುಡುಗರಿಗೆ ಬಾಟಲಿ ಆರಿಸಿ ಹಾಕ್ರಿ ಅಂದ್ರ ಹಳ್ಳದಾಗ ಅವಕ್ಕ ಸಿಗೋವು ಯಾವು? ಬಿಸ್ಲೇರಿ ಬಾಟಲಿ ಒಂದಿದ್ರ ಔಷಧ ಬಾಟಲಿ ಎರಡಿರತಾವ. ತೊಳೆಯದ ಬಾಟಲಿಯ ತಳದಾಗ ಔಷಧ ಇನ್ನೂ ಇರತೈತಿ. ಬರಿಗೈಲೆ ಮುಟ್ಟಿ, ಆ ಕೈಲೆ ಬುತ್ತಿ ತಿಂದ್ರ? ತಿಳುವಳಿಕಿ ಕೊಡಾಕ ಹೋಗಿ ವಿಷ ಕೊಟ್ಟಂಗ. ಮತ್ತ ಬಿಸಿಲಿಗೆ ವರ್ಷಾನುಗಟ್ಟಲೆ ನಿಂತ ಪ್ಲಾಸ್ಟಿಕ್ ಹಪ್ಪಳದಂಗ ಆಗತೈತಿ, ಮುಟ್ಟಿದ್ರ ಪುಡಿ. ಮಲ್ಚಿಂಗ್ ಹಾಳಿ ಹಾಸಿದವರಿಗೆ ಇದು ಗೊತ್ತು. ಆ ಪುಡಿ ಮೊದಲನೇ ಮಳಿಗೆ ಹಳ್ಳಕ್ಕ, ಹಳ್ಳದಿಂದ ಮತ್ತೆ ಹೊಲಕ್ಕ. ಮೀನಿನ ಹೊಟ್ಟಿಯೊಳಗ ಹಾಕಿದ ಕಸ ಹೋದಂಗಲ್ಲ, ಹಳ್ಳದ ಬಾಯಿಗೆ ಇನ್ನೂ ಹತ್ತಿರ ಬಂದು ಕುಂತಂಗ.

"ಮಕ್ಕಳಿಗೆ ತಿಳುವಳಿಕಿ ಬರತೈತಲ್ಲ" ಅಂತಾರ. ಮಕ್ಕಳಿಗೆ ಗೊತ್ತೈತ್ರಿ. ಮೊಮ್ಮಗ ಆ ಮುಚ್ಚಳ ತೆಗೆದು ನನ್ನ ಮಾರಿ ನೋಡಿದ. ಅವನಿಗೆ ಗೊತ್ತಿತ್ತು ಅದು ಯಾರದು ಅಂತ. ಕಡಿಮಿ ಇರೋದು ತಿಳುವಳಿಕಿ ಅಲ್ಲ, ಖಾಲಿ ಬಾಟಲಿ ಎಲ್ಲಿ ಕೊಡಬೇಕು ಅನ್ನೋ ಜಾಗ.

"ಪುಕ್ಕಟೆ ಐತಿ" ಅಂತಾರ. ಅದೂ ಅಷ್ಟು ಪುಕ್ಕಟೆ ಅಲ್ಲ. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ನೂರಕ್ಕೆ ಎರಡು ಪಾಲು ಸಮಾಜದ ಕೆಲಸಕ್ಕ ಹಾಕಬೇಕು, ಪರಿಸರವೂ ಆ ಪಟ್ಟಿಯೊಳಗ ಐತಿ. ಯಾವ ಕಂಪನಿಯ ದುಡ್ಡು ಇಂಥದ್ದಕ್ಕ ಬಂದ್ರೂ ಅದು ದಾನ ಅಲ್ಲ, ಕಾಯ್ದೆ. ಅದಕ್ಕ ಏನು ಬೇಕು ಅಂತ ಕೇಳೋ ಹಕ್ಕು ನಮಗೈತಿ. ಕೊಟ್ಟದ್ದು ಇಸಗೊಂಡು ಕೈ ಮುಗಿಯೋ ಕಾಲ ಹೋತು.

ಹಂಗಾದ್ರ ಏನು ಕೇಳೋಣು? ನಾನು ಮೂರು ಮಂದಿ ಮುಂದ ಹೇಳಿದ್ದು ಇದು.

ಮೀನಿನ ರೊಕ್ಕದಾಗ ಹಳ್ಳದ ದಂಡಿಗೆ ನೀರು ತುಂಬೋ ಜಾಗದಾಗ ಕೀಲಿ ಹಾಕೋ ಒಂದು ಕಬ್ಬಿಣದ ಡಬ್ಬಿ ಇಡ್ರಿ, ಔಷಧ ಬಾಟಲಿಗೆ ಮಾತ್ರ. ಕೀಲಿ ಹಿರಿಯರ ಕೈಯಾಗಿರಲಿ, ಹುಡುಗರಿಗೆ ಅದರ ಕೆಲಸ ಬ್ಯಾಡ. ವರ್ಷಕ್ಕ ಎರಡು ಸಲ ಅದನ್ನ ಪರವಾನಿಗಿ ಇರೋವರಿಗೆ ಒಯ್ದು ಕೊಡೋ ಖರ್ಚು ಕೊಡ್ರಿ. ನಮ್ಮ ಕಡೆಯಿಂದ, ಬಾಟಲಿ ಖಾಲಿ ಆದ ಕೂಡಲೇ ಮೂರು ಸಲ ತೊಳೆದು, ತೊಳೆದ ನೀರು ಪಂಪಿಗೇ ಹಾಕಿ, ತಳಕ್ಕ ತೂತು ಮಾಡಿ ಡಬ್ಬಿಗೆ ಹಾಕತೀವಿ. ತೊಳೆದ ನೀರು ಪಂಪಿಗೆ ಹಾಕಿದ್ರ ಔಷಧವೂ ವ್ಯರ್ಥ ಆಗೂದಿಲ್ಲ, ಲಾಭ ನಮ್ಮದೇ.

ಕಲೆ ಬೇಕೇ ಬೇಕು ಅಂದ್ರ ಕಲ್ಲಿನ ಗುಡ್ಡಿ ಹಾಕೋಣು. ಹಳ್ಳದ ದಂಡಿ ಎಷ್ಟು ಮಾರು ಐತಿ ಅಳಿಯೋಣು, ಎರಡೂ ದಂಡಿ. ಹತ್ತು ಮಾರಿಗೆ ಒಂದು ಕಲ್ಲು. ಹುಡುಗರು ಸುಣ್ಣ ಬಳಿಯಲಿ, ಬೇಕಾದ್ರ ಚಿತ್ರ ತೆಗೆಯಲಿ. ಗುಡ್ಡಿ ರಸ್ತೆಗೆ ಕಾಣುವಂಗ ಇರಲಿ. ಯಾರು ಹತ್ತು ಮಾರು ದಂಡಿ ಸ್ವಚ್ಛ ಮಾಡಿ, ಅಲ್ಲಿ ಹೊಂಗಿಯೋ ಬಿದಿರೋ ಲಾವಂಚವೋ ಹಚ್ಚಿ, ಒಂದು ಮಳಿಗಾಲ ಉಳಿಸಿ ತೋರಸ್ತಾರೋ ಅವರು ಒಂದು ಕಲ್ಲು ಎತ್ತಿಕೊಂಡು ಹೋಗಿ ಅಲ್ಲಿ ಇಡಬೇಕು. ಅಲ್ಲಿ ಮತ್ತೆ ಕಸ ಬಿದ್ರ ಕಲ್ಲು ವಾಪಸ್ ಗುಡ್ಡಿಗೆ. ಶೆಡ್ಡಿನ ಕಡೆಯಿಂದ ಹಳ್ಳಕ್ಕ ಬಂದು ಬೀಳೋ ಒಂದೊಂದು ಗಟಾರದ ಬಾಯಿಗೂ ಒಂದೊಂದು ದೊಡ್ಡ ಕಲ್ಲು, ಕರಿ ಬಣ್ಣದ್ದು. ಅದು ಎದ್ದೇಳೋದು ಅಲ್ಲಿಂದ ಬರೋ ನೀರು ತಿಳಿ ಆದ ದಿನ. ಹಳ್ಳಕ್ಕ ವಿಷ, ಹೊಲಸು ಬಿಡಬಾರದು ಅನ್ನೋ ಕಾಯ್ದೆ 1974ರಿಂದ ಐತಿ, ಹೊಸಾದು ಏನೂ ಕೇಳಾಕತ್ತಿಲ್ಲ. ಗುಡ್ಡಿ ನೋಡಿದವರಿಗೆ ರೈತರ ಪಾಲು ಎಷ್ಟು ಬಾಕಿ, ಶೆಡ್ಡಿನವರ ಪಾಲು ಎಷ್ಟು ಬಾಕಿ, ಎರಡೂ ಕಾಣತೈತಿ. ಗುಡ್ಡಿ ಖಾಲಿ ಆದ ದಿನ ಕಲೆ ಮುಗೀತು.

ಇದನ್ನ ಕೇಳಿ ಬಂದವರೊಳಗ ಒಬ್ಬರು, "ಖಾಲಿ ಜಾಗದ ಮುಂದ ಯಾರು ಫೋಟೊ ತಗೋತಾರ್ರಿ?" ಅಂದರು. ಅವರ ಕಷ್ಟ ನನಗ ತಿಳೀತೈತಿ, ವರದಿಗೆ ಫೋಟೊ ಬೇಕು. ಆದ್ರ ನಮಗ ಬೇಕಾದದ್ದು ಹಳ್ಳ. ಅವರು ಮೀನು ಬ್ಯಾರೆ ಊರಿಗೆ ಒಯ್ದರೂ ನಡೀತೈತಿ, ಗುಡ್ಡಿಗೆ ಅವರ ರೊಕ್ಕ ಬೇಕಾಗಿಲ್ಲ, ಕಲ್ಲು ನಮ್ಮ ಬದುವಿನಾಗೇ ಅದಾವ.

ಬರೋ ರವಿವಾರ ಮುಂಜಾನೆ ಏಳಕ್ಕ ನಾನು ಹಳ್ಳದ ದಂಡಿಗೆ ಇರತೇನಿ. ಮೊದಲನೇ ಹತ್ತು ಮಾರು ನನ್ನದು, ನಾನು ಒಗೆದ ಬಾಟಲಿ ಅಲ್ಲೇ ಅದಾವ. ಬರೋವರು ರಬ್ಬರಿನ ಕೈಚೀಲ ಹಾಕಿಕೊಂಡು, ಗೋಣಿಚೀಲ ತಗೊಂಡು ಬರ್ರಿ. ಬಾಟಲಿ ಆರಿಸಾಕ ಹುಡುಗರನ್ನ ಕರಕೊಂಡು ಬರಬ್ಯಾಡ್ರಿ, ಅಳತಿ ಹಗ್ಗ ಹಿಡಿಯಾಕ ಬರಲಿ. ಮೀನು ಬೇಕು ಅನ್ನೋವರೂ ಬರ್ರಿ, ಅಲ್ಲೇ ನಿಂತು ಮಾತಾಡೋಣು.

ಮುಂದಿನ ಮಣ್ಣೆತ್ತಿನ ಅಮಾಸಿಗೆ ಮೊಮ್ಮಗ ಹಳ್ಳದ ಮಣ್ಣೇ ಬೇಕು ಅಂತಾನ. ಇಲ್ಲ ಅನ್ನಾಕ ನನಗ ಆಗೂದಿಲ್ಲ.